ಜನಗಣತಿಯಲ್ಲಿ ಮುತ್ತಾತ ಸಿಗುವುದಿಲ್ಲ, ಪಹಣಿಯಲ್ಲಿ ಸಿಗಬಹುದು

(ಮೈಸೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು 'ಹಳೆಯ ಜನಗಣತಿಯಲ್ಲಿ ನಮ್ಮ ವಂಶದ ಹುಡುಕಾಟ' ಎಂದು ಹಾಕಿದ್ದಾರೆ. ಹಾಗಾಗಿ ಕಹಿ ಮಾತನ್ನು ಮೊದಲೇ ಆಡಿಬಿಡುತ್ತೇನೆ. ನಮ್ಮ ದೇಶದ ಜನಗಣತಿಯಲ್ಲಿ ನಿಮ್ಮ ಮುತ್ತಾತನ ಹೆಸರು ಸಿಗುವುದಿಲ್ಲ. ಬೆಂಗಳೂರಿಗೆ ಹೋದರೂ ಅಷ್ಟೇ, ದಿಲ್ಲಿಗೆ ಹೋದರೂ ಅಷ್ಟೇ. ಇಷ್ಟು ಕೇಳಿ ಎದ್ದು ಹೋಗಬೇಡಿ. ಹೆಸರು ಸಿಗುವ ಜಾಗಗಳು ಬೇರೆ ಇವೆ, ಅವು ನಿಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಷ್ಟು ಹತ್ತಿರದಲ್ಲೇ ಇವೆ. ಜನಗಣತಿಯೂ ಬೇಕು. ಮನೆಯಲ್ಲಿ ಹೇಳಿಕೊಂಡು ಬಂದ ಕಥೆ ನಂಬುವಂಥದ್ದೋ ಅಲ್ಲವೋ ಅಂತ ತೂಗಿ ನೋಡುವುದಕ್ಕೆ ಅದು ಬೇಕು.

ಹೊರದೇಶದಲ್ಲಿ ಮಕ್ಕಳಿರುವವರು ಈಗಾಗಲೇ ಕೇಳಿರುತ್ತೀರಿ. ಅಲ್ಲಿಯ ಸ್ನೇಹಿತರೊಬ್ಬರು ಕಂಪ್ಯೂಟರಿನಲ್ಲಿ ಅಜ್ಜಿಯ ಹೆಸರು ಹಾಕಿದರಂತೆ, ಮನೆ ನಂಬರು, ವಯಸ್ಸು, ಕಸುಬು, ಪಕ್ಕದ ಮನೆಯವರು ಎಲ್ಲ ಬಂತಂತೆ. ನಿಜ. ಬ್ರಿಟನ್ನಿನಲ್ಲಿ ಗಣತಿಯ ಮೂಲ ಹಾಳೆಗಳನ್ನು 100 ವರ್ಷ ಮುಚ್ಚಿಟ್ಟು ಆಮೇಲೆ ಬಿಡುಗಡೆ ಮಾಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ಹೊರಬಂತು. ಅಮೆರಿಕದಲ್ಲಿ 72 ವರ್ಷ, ಅವರ 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದವು. ಅಲ್ಲಿಯೂ ಎಲ್ಲ ಭದ್ರವಾಗಿ ಉಳಿದಿಲ್ಲ ಅನ್ನಿ. ಇಂಗ್ಲೆಂಡಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಹೋದವು, ಅಮೆರಿಕದ 1890ರ ಗಣತಿಯ ಬಹುಭಾಗ 1921ರ ಬೆಂಕಿಯ ನಂತರ ಇಲ್ಲವಾಯಿತು. ಆದರೂ ಉಳಿದದ್ದರಲ್ಲಿ ಮನುಷ್ಯರ ಹೆಸರಿದೆ.

ನಮ್ಮಲ್ಲಿ ಏನಾಯಿತು? ಎಣಿಕೆ ಮಾಡುವಾಗ ಹೆಸರು ಬರೆದುಕೊಂಡರು. ಶಾನುಭೋಗರು, ಪಟೇಲರು, ಶಾಲೆಯ ಮೇಷ್ಟ್ರು ಗಣತಿದಾರರಾಗಿ ಮನೆಮನೆಗೆ ನಂಬರು ಹಾಕಿ, ಕೆಲವು ವಾರ ಮುಂಚೆ ಒಂದು ಸುತ್ತು ಬರೆದು, ನಿಗದಿಯಾದ ರಾತ್ರಿ ಲಾಟೀನು ಹಿಡಿದು ಹೋಗಿ ಸರಿನೋಡುತ್ತಿದ್ದರು. 1881ರಲ್ಲಿ ಆ ರಾತ್ರಿ ಫೆಬ್ರುವರಿ 17, 1931ರಲ್ಲಿ ಫೆಬ್ರುವರಿ 26. ಹೆಸರು, ವಯಸ್ಸು, ಮದುವೆ, ಮತ, ಜಾತಿ, ಮಾತೃಭಾಷೆ, ಹುಟ್ಟಿದ ಊರು, ಓದು ಬರಹ, ಕಸುಬು ಎಲ್ಲ ಕೇಳುತ್ತಿದ್ದರು. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ 'ಹೆಂಗಸು' ಎಂದು ಬರೆದು ಮುಂದೆ ಹೋಗಿ ಎಂಬ ಸೂಚನೆಯೂ ಗಣತಿದಾರರಿಗೆ ಇತ್ತು. 1901ರಿಂದ ಪ್ರತಿಯೊಬ್ಬರ ವಿವರವನ್ನೂ ಒಂದೊಂದು ಚೀಟಿಗೆ ಇಳಿಸಿಕೊಂಡು, ಮತಕ್ಕೊಂದು ಬಣ್ಣದ ಚೀಟಿ ಮಾಡಿ, ವಿಂಗಡಿಸಿ, ಎಣಿಸಿದರು. ಕೋಷ್ಟಕ ತಯಾರಾಗಿ ಅಚ್ಚಿಗೆ ಹೋದ ಮೇಲೆ ಹಾಳೆಗೂ ಚೀಟಿಗೂ ಬೆಲೆ ಇರಲಿಲ್ಲ. ನಾಶ ಮಾಡಿದರು. ಸರ್ಕಾರಕ್ಕೆ ಬೇಕಾಗಿದ್ದದ್ದು ಸಂಖ್ಯೆ. ಸ್ವಾತಂತ್ರ್ಯದ ನಂತರದ್ದು ಇನ್ನೊಂದು ಬಗೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿ ಹಾಳೆಗಳನ್ನು ಯಾರೂ ನೋಡುವಂತಿಲ್ಲ, ಅವು ಕೋರ್ಟಿನಲ್ಲಿ ಸಾಕ್ಷ್ಯವೂ ಆಗುವುದಿಲ್ಲ. ಇಂತಿಷ್ಟು ವರ್ಷದ ನಂತರ ತೆರೆಯುತ್ತೇವೆ ಎಂಬ ಮಾತು ಅದರಲ್ಲಿ ಇಲ್ಲ.

ಹಾಗಾದರೆ ಉಳಿದದ್ದು ಏನು? ವರದಿಗಳು. ಮೈಸೂರು ಸಂಸ್ಥಾನದ ಗಣತಿ ವರದಿಗಳು 1871ರಿಂದ 1941ರವರೆಗೆ ಸಾಲಾಗಿ ಇವೆ, ಗಣತಿ ಇಲಾಖೆಯ ಜಾಲತಾಣದಲ್ಲಿ ಹಳೆಯ ಸಂಪುಟಗಳನ್ನು ಓದಬಹುದು. 1931ರ ಮೈಸೂರು ವರದಿಯ ಮುಖಪುಟದಲ್ಲಿ ಗಣತಿ ಅಧೀಕ್ಷಕರ ಹೆಸರು ನೋಡಿ: ಎಂ. ವೆಂಕಟೇಶ ಅಯ್ಯಂಗಾರ್. ನಮ್ಮ ಮಾಸ್ತಿಯವರೇ. ಸಣ್ಣ ಕತೆಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದವರು ನೌಕರಿಯಲ್ಲಿ 65 ಲಕ್ಷ ಜನರ ಲೆಕ್ಕ ಒಪ್ಪಿಸಿದರು. ಎಲ್ಲ ಜಾತಿಗಳ ಕೋಷ್ಟಕ ಪೂರ್ತಿಯಾಗಿ ಅಚ್ಚಾದ ಗಣತಿಗಳಲ್ಲಿ ಇದೇ ಕೊನೆಯದು.

ಈ ಸಂಖ್ಯೆಗಳಿಂದ ನಮಗೇನು ಪ್ರಯೋಜನ ಅಂದರೆ, ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಕಥೆ: 'ನಮ್ಮೋರು ಬರದಲ್ಲಿ ಆ ಕಡೆಯಿಂದ ಬಂದೋರು.' ಯಾವ ಬರ? 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯುವುದಿರಲಿ, 8,69,224 ಜನ ಕಡಿಮೆಯಾದರು. ಆರರಲ್ಲಿ ಒಬ್ಬರು ಹೋದ ಹಾಗೆ. ನಡುವೆ ಬಂದದ್ದು 1876ರಿಂದ 78ರ ಧಾತು ಈಶ್ವರ ಬರ, ಆ ಎರಡು ಸಂವತ್ಸರಗಳ ಹೆಸರಿನದು. ನಿಮ್ಮ ಮನೆಯ ವಂಶಾವಳಿ ಒಂದು ತಲೆಮಾರಿನಲ್ಲಿ ಥಟ್ಟನೆ ನಿಂತುಹೋಗಿ 'ಅದಕ್ಕಿಂತ ಹಿಂದಿನದು ಗೊತ್ತಿಲ್ಲ' ಅನ್ನುವಂತಿದ್ದರೆ, ಆ ನಿಂತ ಜಾಗ 1880ರ ಆಸುಪಾಸಿಗೆ ಬರುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿ. ಬಹಳ ಮನೆಗಳಲ್ಲಿ ಬರುತ್ತದೆ. ಹಿರಿಯರು ಸತ್ತು, ಉಳಿದ ಹುಡುಗರು ಸೋದರಮಾವನ ಊರಿಗೋ ಗಂಜಿ ಸಿಕ್ಕ ಊರಿಗೋ ಸೇರಿ ಅಲ್ಲೇ ನೆಲೆಯಾದರು. ನೆನಪಿಟ್ಟು ಹೇಳುವವರೇ ಇಲ್ಲದೆ ಹೋದಾಗ ಹಿಂದಿನ ಹೆಸರುಗಳು ಎಲ್ಲಿಂದ ಬರಬೇಕು?

ಇಲ್ಲೊಂದು ಎಚ್ಚರಿಕೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು 1876ರಲ್ಲಿ ಬಂತು, 1936ರಲ್ಲೂ ಬಂತು. 'ನಮ್ಮಜ್ಜಿ ಧಾತು ಸಂವತ್ಸರದಲ್ಲಿ ಹುಟ್ಟಿದ್ದು' ಅಂದರೆ ಯಾವ ಧಾತು ಎಂದು ಕೇಳಬೇಕು. ಅಜ್ಜಿಯ ದೊಡ್ಡ ಮಗ ಹುಟ್ಟಿದ ವರ್ಷ ಗೊತ್ತಾದರೆ ಇದು ಎರಡು ನಿಮಿಷದ ಕೆಲಸ. ಜಾತಕದ ಮೂಲೆಯಲ್ಲಿ ಬರೀ ಸಂವತ್ಸರ, ಮಾಸ, ತಿಥಿ ಇದ್ದು ಶಕವರ್ಷ ಇಲ್ಲದಿದ್ದರೂ ಇದೇ ಉಪಾಯ.

ಮೈಸೂರು ನಗರದವರಿಗೆ ಇನ್ನೊಂದು ಗೆರೆ ಇದೆ. ನಗರದ ಜನಸಂಖ್ಯೆ 1891ರಲ್ಲಿ 74,048 ಇದ್ದದ್ದು 1901ಕ್ಕೆ 68,111ಕ್ಕೆ ಇಳಿಯಿತು. ಅದು ಪ್ಲೇಗಿನ ಕಾಲ. ಕೋಟೆಯ ಒಳಗಿನ, ಪೇಟೆಯ ಇಕ್ಕಟ್ಟಿನ ಕೇರಿಗಳನ್ನು ಬಿಟ್ಟು ಜನ ಗುಡಿಸಲು ಹಾಕಿಕೊಂಡು ಹೊರಗೆ ಹೋದರು. 1903ರಲ್ಲಿ ನಗರ ಅಭಿವೃದ್ಧಿ ಟ್ರಸ್ಟ್ ಬೋರ್ಡು ಹುಟ್ಟಿದ ಮೇಲೆ ಹೊಸ ಬಡಾವಣೆಗಳು ಎದ್ದವು. 'ನಮ್ಮ ಮನೆ ಮೊದಲು ಕೋಟೆಯೊಳಗಿತ್ತು' ಎನ್ನುವ ಮನೆತನಗಳು ಈ ಹತ್ತು ಹದಿನೈದು ವರ್ಷಗಳ ಸುತ್ತ ಹುಡುಕಬೇಕು. ಅರಮನೆ ಚಾಕರಿಯಲ್ಲಿದ್ದವರ ಮನೆತನವಾದರೆ ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ಅರಮನೆಯ ಕಡತಗಳನ್ನು ಕೇಳಿ ನೋಡಿ.

ವಯಸ್ಸಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಗಣತಿ ಕೋಷ್ಟಕದಲ್ಲಿ 30, 40, 50ರ ಹತ್ತಿರ ಜನ ಗುಂಪಾಗಿ ನಿಂತಿರುತ್ತಾರೆ. 39, 41 ಖಾಲಿ. ಅಂದಾಜಿನಲ್ಲಿ ಹೇಳಿದ ವಯಸ್ಸು. ಶಾಲೆಯ ದಾಖಲಾತಿ ಪುಸ್ತಕದಲ್ಲೂ ಹಾಗೇ, ಅರ್ಧ ತರಗತಿ ಜೂನ್ 1ರಂದು ಹುಟ್ಟಿರುತ್ತದೆ. ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಅದನ್ನು ವರ್ಷದ ಮಟ್ಟಿಗೆ ನಂಬಿ, ತಾರೀಖಿಗೆ ನಂಬಬೇಡಿ.

ಊರು ಯಾವ ಸರ್ಕಾರದ ಕೆಳಗಿತ್ತು, ಯಾವ ಜಿಲ್ಲೆಯಲ್ಲಿತ್ತು ಎಂಬುದು ಗೊತ್ತಿಲ್ಲದೆ ಹುಡುಕಲು ಹೋದರೆ ಚಪ್ಪಲಿ ಸವೆಯುತ್ತದೆ, ಕೆಲಸ ಆಗುವುದಿಲ್ಲ. ಮಂಡ್ಯ ಜಿಲ್ಲೆ ಆದದ್ದು 1939ರ ಜುಲೈ 1ರಂದು. ಅದಕ್ಕೆ ಮುಂಚಿನ ಯಾವ ವರದಿಯಲ್ಲೂ 'ಮಂಡ್ಯ ಜಿಲ್ಲೆ' ಎಂಬ ಅಧ್ಯಾಯ ಇರುವುದಿಲ್ಲ, ಮೈಸೂರು ಜಿಲ್ಲೆಯಲ್ಲಿ ನೋಡಬೇಕು. ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಗುಪ್ಪೆ. ಪಾಂಡವಪುರವನ್ನು ಊರಿನವರು ಹಿರೋಡೆ ಎಂದರೆ ಇಂಗ್ಲಿಷರ ದಾಖಲೆಗಳು ಫ್ರೆಂಚ್ ರಾಕ್ಸ್ ಎನ್ನುತ್ತವೆ. ಶ್ರೀರಂಗಪಟ್ಟಣದ ದ್ವೀಪ 1881ರವರೆಗೆ ಬ್ರಿಟಿಷರದು. ಬೆಂಗಳೂರು ದಂಡು ಪ್ರದೇಶವನ್ನು ಅವರಿಗೆ ಬಿಟ್ಟುಕೊಟ್ಟು ಶ್ರೀರಂಗಪಟ್ಟಣವನ್ನು ಸಂಸ್ಥಾನ ಪಡೆಯಿತು. ಕೊಳ್ಳೇಗಾಲವಂತೂ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮಳವಳ್ಳಿಯ ಮನೆಗೆ ಕೊಳ್ಳೇಗಾಲದ ಹೆಣ್ಣು ತಂದಿದ್ದರೆ ಗಂಡಿನ ಕಡೆಯ ಕಾಗದ ಮೈಸೂರಿನವು, ಹೆಣ್ಣಿನ ಕಡೆಯವು ಮದರಾಸಿನವು. ಹೊಳೆಯ ಈ ದಡ ಆ ದಡ ಅಷ್ಟೇ.

ಇನ್ನು ಊರೇ ಇಲ್ಲದವರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ನೀರು ನಿಂತ ಹಾಗೆ ಹಳೆಯ ಕನ್ನಂಬಾಡಿಯೇ ಮುಳುಗಿತು, ಜನ ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಕಟ್ಟೆಯಿಂದಾಗಿ ಎದ್ದುಹೋದ ಊರುಗಳು ಒಂದು ಕಡೆ, ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ, 1933ರಲ್ಲಿ ಸಕ್ಕರೆ ಕಾರ್ಖಾನೆ ಆದ ಮೇಲೆ, ಮಂಡ್ಯದ ಬಯಲಿಗೆ ದುಡಿಯಲು ಬಂದವರು ಇನ್ನೊಂದು ಕಡೆ. ಇದಲ್ಲದೆ ಬೇಚರಾಕ್ ಗ್ರಾಮಗಳು. ಕಂದಾಯ ಪಟ್ಟಿಯಲ್ಲಿ ಊರಿನ ಹೆಸರಿದೆ, ಸರ್ವೆ ನಂಬರಿದೆ, ನಕ್ಷೆಯಿದೆ, ಮನೆ ಒಂದೂ ಇಲ್ಲ. ಬರ, ಪ್ಲೇಗು, ಕಾಲರಾದಲ್ಲಿ ಊರು ಒಡೆದು ಪಕ್ಕದೂರಿಗೆ ಸೇರಿದ್ದು. ಅಂಥ ಕಡೆ ಹೊಲದ ನಡುವೆ ಒಂದು ಮಾರಮ್ಮನ ಗುಡಿ ಮಾತ್ರ ಇರುತ್ತದೆ, ವರ್ಷಕ್ಕೊಮ್ಮೆ ಎಲ್ಲಿಂದಲೋ ನಾಲ್ಕು ಮನೆಯವರು ಬಂದು ಪೂಜೆ ಮಾಡಿ ಹೋಗುತ್ತಾರೆ. ಅವರೇ ಆ ಊರಿನವರು. ಮನೆದೇವರನ್ನು ಸುಳಿವಾಗಿ ಹಿಡಿಯುವುದು ಹೀಗೆ. ಆದರೆ ದೊಡ್ಡ ದೇವರು ಸುಳಿವು ಕೊಡುವುದಿಲ್ಲ. ಮೇಲುಕೋಟೆಯ ಚೆಲುವನಾರಾಯಣ, ಬಿಳಿಗಿರಿರಂಗ, ಮಾದಪ್ಪ ಇವರಿಗೆಲ್ಲ ನಾನಾ ಕಡೆಯ ಒಕ್ಕಲಿದ್ದಾರೆ. ಹೆಸರೇ ಕೇಳಿರದ ಸಣ್ಣ ಊರಿನ ಸಣ್ಣ ದೇವರು ನಿಮ್ಮ ಮನೆದೇವರಾಗಿದ್ದರೆ ಆ ಊರಿಗೊಮ್ಮೆ ಹೋಗಿ ಬನ್ನಿ. ಊರುಗಳ ಜನಸಂಖ್ಯೆಯನ್ನು ಒಂದೊಂದಾಗಿ ನೋಡಲು 1951ರಿಂದ ಬಂದ ಜಿಲ್ಲಾ ಗಣತಿ ಕೈಪಿಡಿಗಳಿವೆ. ಇದ್ದ ಊರು ಯಾವಾಗ ಸೊನ್ನೆಯಾಯಿತು ಎಂಬುದು ಕೆಲವೊಮ್ಮೆ ಅಲ್ಲೇ ಗೊತ್ತಾಗುತ್ತದೆ.

ಈಗ ಹೆಸರಿಗೆ ಬರೋಣ. ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರಿಸಬೇಡಿ.

ನೆಲ ಇದ್ದವರ ಹೆಸರು ಉಳಿಯುತ್ತದೆ. ಕಂದಾಯ ಕಟ್ಟುವವನು ಯಾರೆಂದು ಸರ್ಕಾರಕ್ಕೆ ಗೊತ್ತಿರಲೇಬೇಕಲ್ಲ. ಮೈಸೂರಿನಲ್ಲಿ ಹೊಲ ಹೊಲ ಅಳೆದು ಸರ್ವೆ ನಂಬರು ಹಾಕುವ ಕೆಲಸ 1863ರಲ್ಲಿ ಆರಂಭವಾಯಿತು. 1927ರ ಕಾನೂನಿನ ಮೇಲೆ ಹಕ್ಕುದಾಖಲೆಯ ರಿಜಿಸ್ಟರುಗಳು ಬಂದವು. ಕಚೇರಿಯ ಭಾಷೆಯಲ್ಲಿ ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್, ಜಮೀನುಗಳ ಸೂಚಿ) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕುದಾಖಲೆ). ಐ.ಎಲ್. ಪುಸ್ತಕದಲ್ಲಿ ಸರ್ವೆ ನಂಬರು ನೋಡಿದರೆ ಆರ್.ಆರ್. ನಂಬರು ಸಿಗುತ್ತದೆ, ಆರ್.ಆರ್. ತೆರೆದರೆ ಮನುಷ್ಯ ಸಿಗುತ್ತಾನೆ. ಇಂಥವರು ಬಿನ್ ಇಂಥವರು, ಅಂದರೆ ಇಂಥವರ ಮಗ ಇಂಥವರು. ಎದುರಿಗೆ ಜಮೀನು ಹೇಗೆ ಬಂತು ಎಂಬ ಅಂಕಣ: ಪಿತ್ರಾರ್ಜಿತ, ಕ್ರಯ, ವಿಭಾಗ, ದಾನ. ಹಳೆಯ ಪುಟ ಹೇಗಿರುತ್ತದೆ ಅಂದರೆ, ಕಂದುಬಣ್ಣದ ಹಾಳೆ, ಮಡಿಕೆಯಲ್ಲಿ ಹರಿದು ಅಂಟಿಸಿರುತ್ತಾರೆ, ಕಪ್ಪು ಶಾಯಿಯಲ್ಲಿ ಮೋಡಿ ಹೊಡೆದಂಥ ಶಾನುಭೋಗರ ಕೈಬರಹ. ಮೊದಲ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಅದರ ಪಕ್ಕ 'ಪೌತಿ' (ತೀರಿಕೊಂಡರು) ಎಂದು ಬರೆದು ಎಂ.ಆರ್. ನಂಬರು, ಕೆಳಗೆ ಮೂರು ಗಂಡುಮಕ್ಕಳ ಹೆಸರು, ಎದುರಿಗೆ ಎಕರೆ ಗುಂಟೆ. ಎರಡು ತಲೆಮಾರು ಅಲ್ಲೇ ಸಿಕ್ಕಿತು. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರು. ಅದನ್ನು ತೆಗೆಸಿದರೆ ಸತ್ತ ವರ್ಷ, ಹೇಳಿಕೆ ಕೊಟ್ಟವರು, ಹೆಬ್ಬೆಟ್ಟು ಒತ್ತಿದವರು ಎಲ್ಲ ಬರುತ್ತಾರೆ. ಪೌತಿ ಖಾತೆ ಮಾಡಿಸದ ಮನೆಗಳಿಗೆ ಇದರಲ್ಲಿ ಇನ್ನೂ ಲಾಭ. ಮೂರು ತಲೆಮಾರಿನಿಂದ ಯಾರೂ ತಲೆ ಕೆಡಿಸಿಕೊಳ್ಳದೆ, ತೀರಿಹೋದ ಮುತ್ತಾತನೇ ಇವತ್ತಿನ ಪಹಣಿಯಲ್ಲೂ (ಜಮೀನಿನ ಹಕ್ಕು, ಬೆಳೆ ತೋರಿಸುವ ಪತ್ರ) ಖಾತೆದಾರನಾಗಿ ಕೂತಿರುತ್ತಾನೆ!

ನಮ್ಮ ಕಡೆ ಒಂದು ತೊಡಕಿದೆ. ತಾತನ ಹೆಸರು ಮೊಮ್ಮಗನಿಗೆ. ಚಿಕ್ಕೇಗೌಡ ಬಿನ್ ಕರೀಗೌಡ, ಕರೀಗೌಡ ಬಿನ್ ಚಿಕ್ಕೇಗೌಡ, ಮತ್ತೆ ಚಿಕ್ಕೇಗೌಡ ಬಿನ್ ಕರೀಗೌಡ. ವರ್ಷ ನೋಡದೆ ಓದಿದರೆ ಅಜ್ಜನನ್ನೂ ಮೊಮ್ಮಗನನ್ನೂ ಒಬ್ಬನೇ ಮಾಡಿಬಿಡುತ್ತೀರಿ. ಹೆಸರನ್ನು ಯಾವತ್ತೂ ಸರ್ವೆ ನಂಬರು, ಎಂ.ಆರ್. ವರ್ಷ ಎರಡರ ಜೊತೆಗೇ ಬರೆದುಕೊಳ್ಳಿ.

ಇದಕ್ಕಿಂತಲೂ ಒಳ್ಳೆಯ ದಾಖಲೆ ಒಂದಿದೆ: ಜಗಳ. ಪಾಲಿಗಾಗಿ ಕೋರ್ಟಿಗೆ ಹೋದ ಮನೆಯ ವಂಶವೃಕ್ಷ ದಾವಾ ಪತ್ರದ ಜೊತೆಯಲ್ಲೇ ಇರುತ್ತದೆ. ಮೂಲಪುರುಷನಿಂದ ಹಿಡಿದು ಎಲ್ಲ ಕವಲು, ಯಾರು ನಿಸ್ಸಂತಾನವಾಗಿ ಸತ್ತರು, ಯಾರನ್ನು ದತ್ತು ಕೊಟ್ಟರು, ಎಲ್ಲ. ಅದರ ಮೇಲೆ ಎದುರಾಳಿಯ ವಕೀಲರು ಪಾಟೀಸವಾಲು ಬೇರೆ ಮಾಡಿರುತ್ತಾರೆ. ಅಷ್ಟು ಪರೀಕ್ಷೆಗೆ ಒಳಗಾದ ವಂಶಾವಳಿ ಸೌಹಾರ್ದವಾಗಿ ಬಾಳಿದ ಮನೆಗಳಲ್ಲಿ ಇರುವುದಿಲ್ಲ. ಅಣ್ಣತಮ್ಮಂದಿರು ಹೊಡೆದಾಡಿಕೊಂಡಿದ್ದರೆ ಅವರಿಗೊಂದು ನಮಸ್ಕಾರ ಹೇಳಿ.

(ನಗು.)

ಆದರೆ ಆ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಎಲ್ಲಿ? ಹಳೆಯ ದಾವೆಗಳಲ್ಲಿ ಇಲ್ಲ. ಪಾಲಿಲ್ಲದವರ ಹೆಸರು ಯಾಕೆ ಬರೆಯಬೇಕು ಎಂಬ ಲೆಕ್ಕ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದಿತು. ವಿಭಾಗದಲ್ಲಿ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಅಂಶ ಸಿಗುವಂತಾಯಿತು. ಅಲ್ಲಿಂದ ಮುಂದಿನ ವಿಭಾಗಪತ್ರಗಳಲ್ಲಿ ಅವರ ಹೆಸರು ಕಾಣಿಸತೊಡಗುತ್ತದೆ. 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಕೇಂದ್ರದ್ದು ಬಂದು ಮಗಳಿಗೂ ಮಗನ ಸಮ ಹಕ್ಕು ಎಂದಾದ ಮೇಲಿನ ದಾವೆಗಳಲ್ಲಿ ವೃಕ್ಷದ ಅಗಲವೇ ಎರಡರಷ್ಟಾಗಿದೆ. ಅಜ್ಜಿಯ ತವರು ಹುಡುಕುವವರು ಈ ವರ್ಷಗಳನ್ನು ನೆನಪಿಡಿ. ಅದಕ್ಕೂ ಹಿಂದಿನ ಹೆಂಗಸರಿಗೆ ಕಾಗದಕ್ಕಿಂತ ಅಟ್ಟ ವಾಸಿ. ಮದುವೆಯಲ್ಲಿ ತವರಿನವರು ಕೊಟ್ಟ ಹಿತ್ತಾಳೆ ಪಾತ್ರೆಯ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಹೊಡೆಸಿದ ಹೆಸರು ಇರುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿ, ಓರೆ ಬೆಳಕಿಗೆ ಹಿಡಿದರೆ ಕೊಟ್ಟವರ ಹೆಸರು, ಕೆಲವೊಮ್ಮೆ ಊರು, ತಾರೀಖು ಓದಲಾಗುತ್ತದೆ. ಗುಜರಿಗೆ ಹಾಕುವ ಮುಂಚೆ ಒಂದು ಫೋಟೋನಾದರೂ ತೆಗೆದುಕೊಳ್ಳಿ.

ನೆಲವೇ ಇಲ್ಲದವರು? ಇದು ನನಗೆ ಮುಖ್ಯವಾದ ಪ್ರಶ್ನೆ. ಕಂದಾಯ ದಾಖಲೆಯಲ್ಲಿ ಉಳುವವರಿಗಿಂತ ಒಡೆಯರೇ ಹೆಚ್ಚು ಕಾಣುತ್ತಾರೆ. ಆದರೂ ಮೂರು ಬಾಗಿಲುಗಳಿವೆ. ಒಂದು, ತೋಟಿ, ತಳವಾರ, ನೀರಗಂಟಿ ಚಾಕರಿಯ ಇನಾಮು ಜಮೀನು. 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ ಬಂದು ಆ ಜಮೀನನ್ನು ಚಾಕರಿ ಮಾಡುತ್ತಿದ್ದ ಮನೆಯವರಿಗೇ ಮರುಮಂಜೂರು ಮಾಡುವಾಗ, ಯಾರ ಮಗ, ಎಷ್ಟು ಕಾಲದಿಂದ ಸರದಿ ಎಂದು ವಿಚಾರಣೆ ನಡೆಸಿದ ಕಡತಗಳಿವೆ. ಎಷ್ಟೋ ದಲಿತ ಕುಟುಂಬಗಳ ಹಿರಿಯರ ಹೆಸರು ಬರಹದಲ್ಲಿ ಮೊದಲು ಸಿಗುವುದು ಅಲ್ಲೇ. ಎರಡು, ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿದವರಿಗೆ, ಕೊಟ್ಟ ಸಾಗುವಳಿ ಚೀಟಿ ಮತ್ತು ಅದರ ಕಡತ. ಮೂರು, 1974ರ ಭೂಸುಧಾರಣೆಯ ಫಾರಂ 7. ಗೇಣಿದಾರ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟಿರುತ್ತಾನೆ: ನಮ್ಮಪ್ಪನ ಕಾಲದಿಂದ ಗೇಯುತ್ತಿದ್ದೇವೆ, ವರ್ಷಕ್ಕೆ ಇಷ್ಟು ಪಲ್ಲ ಭತ್ತ ಅಳೆಯುತ್ತಿದ್ದೆವು, ಪಕ್ಕದ ಹೊಲದವರನ್ನು ಕೇಳಿ ಎಂದು. ಒಡೆಯರ ಕಾಗದದಲ್ಲಿ ಇಲ್ಲದ ಮನುಷ್ಯ ತನ್ನದೇ ಮಾತಿನಲ್ಲಿ ಕಡತಕ್ಕೆ ಬಂದಿದ್ದಾನೆ. ಈ ಕಡತಗಳನ್ನು ಬರೀ ಜಮೀನು ವ್ಯಾಜ್ಯ ಎಂದು ನೋಡಬೇಡಿ. ಈಗ ಭೂಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆ ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲಿಗಿಂತ ಮುಂಚೆ ಸ್ಕ್ಯಾನರು ತಲುಪಲಿ.

ಇನ್ನು ಹೆಳವರ ವಿಷಯ. ಕಾಗದವೇ ಇಲ್ಲದ ಕಾಲದಲ್ಲೂ ಒಕ್ಕಲಿಗರು, ಲಿಂಗಾಯತರು, ಕುರುಬರ ಮನೆಗಳಿಗೆ ಹೆಳವರು ಎತ್ತಿನೊಂದಿಗೆ ಬಂದು ಬಾಗಿಲಲ್ಲಿ ನಿಂತು ವಂಶ ಹೊಗಳುತ್ತಿದ್ದರು. ಮೂಲ ಊರು, ಬೆಡಗು (ಕುಲದ ಒಳಪಂಗಡ), ಅಲ್ಲಿಂದ ಯಾಕೆ ಎದ್ದು ಬಂದರು, ಎಷ್ಟು ಕವಲಾದರು, ಎಲ್ಲ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ದವಸ ತೆಗೆದುಕೊಂಡು ಹೋಗುತ್ತಿದ್ದರು. ಕೆಲವರಲ್ಲಿ ಈಗಲೂ ಪುಸ್ತಕಗಳಿವೆ. ಅವರು ಹೇಳುವ ಮೇಲಿನ ತಲೆಮಾರುಗಳಲ್ಲಿ ಪುರಾಣ ಬೆರೆತಿರುತ್ತದೆ, ಕೆಳಗಿನ ಐದಾರು ತಲೆಮಾರು ಗಟ್ಟಿ ಇರುತ್ತದೆ. ಆರ್.ಆರ್. ಪುಟದ ಪಕ್ಕ ಇಟ್ಟು ನೋಡಿ. ಬಂದರೆ ಕಳಿಸಬೇಡಿ, ಕೂರಿಸಿ, ಕಾಫಿ ಕೊಟ್ಟು, ಒಪ್ಪಿದರೆ ರೆಕಾರ್ಡು ಮಾಡಿಕೊಳ್ಳಿ, ಕೈತುಂಬ ಕೊಟ್ಟು ಕಳಿಸಿ.

ಪ್ರಶ್ನೆಗಳಲ್ಲಿ ಎರಡು.

ಒಬ್ಬ ತಾಯಿ ಕೇಳಿದರು: "ನಾಡಕಚೇರೀಲಿ ವಂಶವೃಕ್ಷ ಕೊಡ್ತಾರಲ್ಲ ಸರ್, ಅದೊಂದು ಇದ್ರೆ ಸಾಲ್ದಾ?"

ಬ್ಯಾಂಕಿಗೆ, ಪೌತಿ ಖಾತೆಗೆ ಸಾಕು ತಾಯಿ. ಆದರೆ ಅದು ನೀವು ಹೇಳಿದ್ದನ್ನೇ ವಿಚಾರಣೆ ಮಾಡಿ ನಿಮಗೆ ಬರೆದು ಕೊಡುವುದು. ನಿಮಗೆ ಗೊತ್ತಿಲ್ಲದ ಒಬ್ಬ ದೊಡ್ಡಪ್ಪ ಅದರಲ್ಲಿ ಹೊಸದಾಗಿ ಹುಟ್ಟಿ ಬರುವುದಿಲ್ಲ. ಎಂ.ಆರ್. ಪುಸ್ತಕದಲ್ಲಿ ಬರಬಹುದು.

ಇನ್ನೊಬ್ಬ ಯುವಕರು: "2027ರ ಜನಗಣತಿ ಡಿಜಿಟಲ್ ಅಂತೆ. ನಮ್ಮ ಮೊಮ್ಮಕ್ಕಳಿಗಾದ್ರೂ ಅದರಲ್ಲಿ ನಮ್ಮ ಹೆಸರು ಸಿಗುತ್ತಾ?"

ಮೊಬೈಲಿನಲ್ಲಿ ಬರೆದುಕೊಂಡರೂ ಕಾನೂನು ಅದೇ 1948ರದ್ದು. ಅದು ಬದಲಾಗದಿದ್ದರೆ ಸಿಗುವುದಿಲ್ಲ. ಗುಟ್ಟು ಕಾಯುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಪಕ್ಕದ ಮನೆಯವರಿಗೆ, ಪೊಲೀಸರಿಗೆ, ತೆರಿಗೆಯವರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯ ಇದ್ದರೆ ತಾನೇ ಜನ ನಿಜ ಹೇಳುವುದು? ಆದರೆ ನೂರು ವರ್ಷದ ಮೇಲೂ ಯಾಕೆ ಎಂಬುದನ್ನು ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು. ಅಲ್ಲಿಯವರೆಗೆ ನಿಮ್ಮ ಕೆಲಸ ತಾಲ್ಲೂಕು ಕಚೇರಿಯಲ್ಲಿ. ಹೋಗುವಾಗ ಒಂದು ಮಾತು. ಅರ್ಜಿಯಲ್ಲಿ 'ನಮ್ಮ ವಂಶದ ದಾಖಲೆ ಕೊಡಿ' ಎಂದು ಬರೆದರೆ ಯಾರೂ ಹುಡುಕಿ ಕೊಡಲಾರರು. ಇವತ್ತಿನ ಪಹಣಿಯಲ್ಲಿ ಸರ್ವೆ ನಂಬರು, ಎಂ.ಆರ್. ನಂಬರು ನೋಡಿಕೊಳ್ಳಿ. ಗ್ರಾಮ, ಹೋಬಳಿ, ಸರ್ವೆ ನಂಬರು, ಎಂ.ಆರ್. ನಂಬರು, ವರ್ಷ ಇಷ್ಟನ್ನೂ ಅರ್ಜಿಯಲ್ಲಿ ಬರೆದು ದೃಢೀಕೃತ ನಕಲು ಕೇಳಿ. ಆ ನಕಲಿನಲ್ಲಿ ಅದಕ್ಕೂ ಹಿಂದಿನ ಎಂ.ಆರ್. ನಂಬರು ಇರುತ್ತದೆ. ಮುಂದಿನ ಅರ್ಜಿ ಅದಕ್ಕೆ.